ರಾತ್ರಿಭೋಜನತ್ಯಾಗವೂ ದೇಹದೊಳಗಿನ ಗಡಿಯಾರವೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಕೊನೆಯದಾಗಿ ಆಲೋಕಿತಪಾನಭೋಜನವನ್ನು ಇಟ್ಟಿದ್ದಾರೆ. ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು ಎಂದು ಇದರ ತಾತ್ಪರ್ಯ. ರಾತ್ರಿಭೋಜನತ್ಯಾಗವನ್ನು ಆರನೆಯ ವ್ರತವಾಗಿ ಬೇರೆ ಹೇಳಬೇಕಿತ್ತಲ್ಲವೇ ಎಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿ, ಅದು ಈ ಭಾವನೆಯಲ್ಲಿಯೇ ಅಡಗಿದೆಯೆಂದು ಸಮಾಧಾನವಿತ್ತಿದ್ದಾರೆ.

ಈಚೆಗೆ ಶ್ರಾವಕರ ಮನೆಗಳಲ್ಲಿ ಈ ವ್ರತದ ಪ್ರಸ್ತಾಪ ಬಂದೊಡನೆ, ‘ಇದನ್ನು ವಿಜ್ಞಾನವೂ ಒಪ್ಪಿದೆ’ ಎಂಬ ಮಾತು ಕೇಳಿಬರುತ್ತದೆ. ಒಪ್ಪಿದ್ದು ಏನನ್ನು, ಎಷ್ಟನ್ನು ಎಂದು ವಿಚಾರಿಸುವವರು ವಿರಳ.

ಈ ಮಾತಿಗೆ ಬಹುಮಟ್ಟಿಗೆ ಆಧಾರವಾಗಿರುವುದು ಒಡಿಶಾದಲ್ಲಿ ಜನಿಸಿ, ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಸಚ್ಚಿದಾನಂದ ಪಾಂಡಾ ಅವರ ಕಾರ್ಯ. ಪ್ರಾಣಿಗಳ ಶರೀರದಲ್ಲಿ ಸುಮಾರು 24 ಗಂಟೆಗಳಿಗೊಮ್ಮೆ ಆವರ್ತಿಸುವ ಲಯವೊಂದಿದೆ. ನಿದ್ರೆ, ಹಸಿವು, ಮೈಶಾಖ ಎಲ್ಲವೂ ಆ ಲಯವನ್ನು ಅನುಸರಿಸುತ್ತವೆ. ಮಿದುಳಿನ ತಳಭಾಗದಲ್ಲಿರುವ ಪುಟ್ಟ ಜೀವಕೋಶಸಮೂಹವು ಇದರ ಮುಖ್ಯ ಗಡಿಯಾರ. ಕಣ್ಣಿನ ಅಕ್ಷಿಪಟಲದಲ್ಲಿರುವ ಮೆಲನಾಪ್ಸಿನ್ ಎಂಬ ದ್ರವ್ಯವುಳ್ಳ ಕೋಶಗಳು ಹಗಲಿರುಳುಗಳ ಸುದ್ದಿಯನ್ನು ಅದಕ್ಕೆ ಮುಟ್ಟಿಸುತ್ತವೆ. ಮೆಲನಾಪ್ಸಿನ್ನಿನ ಈ ಕೆಲಸವನ್ನು 2002ರಲ್ಲಿ ತೋರಿಸಿಕೊಟ್ಟವರಲ್ಲಿ ಪಾಂಡಾ ಒಬ್ಬರು. ಯಕೃತ್ತಿಗೂ ತನ್ನದೇ ಗಡಿಯಾರವುಂಟು. ಅದು ಬೆಳಕಿಗಿಂತ ಹೆಚ್ಚಾಗಿ ಊಟದ ಹೊತ್ತಿಗೆ ಓಗೊಡುತ್ತದೆ. ಅವೇಳೆಯಲ್ಲಿ ಉಂಡವನ ದೇಹದಲ್ಲಿ ಎರಡು ಗಡಿಯಾರಗಳು ಎರಡು ವೇಳೆ ತೋರಿಸುತ್ತವೆಂದರೆ ತಪ್ಪಾಗದು.

2012ರಲ್ಲಿ ಅವರ ತಂಡವು ಇಲಿಗಳ ಎರಡು ಗುಂಪುಗಳಿಗೆ ಒಂದೇ ಬಗೆಯ ಕೊಬ್ಬಿನ ಆಹಾರವನ್ನು ನೀಡಿತು. ಒಂದು ಗುಂಪು ಬೇಕೆಂದಾಗ ತಿಂದಿತು. ಇನ್ನೊಂದಕ್ಕೆ ದಿನಕ್ಕೆ 8 ಗಂಟೆಗಳ ಅವಕಾಶ ಮಾತ್ರ. ತಿಂದ ಒಟ್ಟು ಪ್ರಮಾಣ ಸಮವಾಗಿದ್ದರೂ ಎರಡನೆಯ ಗುಂಪು ಸ್ಥೂಲಕಾಯದಿಂದಲೂ ಯಕೃತ್ತಿನ ವಿಕಾರದಿಂದಲೂ ಬಹುಮಟ್ಟಿಗೆ ಪಾರಾಯಿತು. ಇಲ್ಲೊಂದು ಸಂಗತಿಯನ್ನು ಉತ್ಸಾಹಿಗಳು ಮರೆಯುತ್ತಾರೆ. ಇಲಿ ನಿಶಾಚರ ಪ್ರಾಣಿ. ಆ 8 ಗಂಟೆಗಳು ರಾತ್ರಿಯ ಗಂಟೆಗಳೇ ಆಗಿದ್ದವು! ಎಚ್ಚರದ ಹೊತ್ತಿನಲ್ಲಿ ಉಣ್ಣಬೇಕೆಂಬುದು ಪ್ರಯೋಗದ ಸಾರವೇ ಹೊರತು ರಾತ್ರಿಯ ನಿಷೇಧವಲ್ಲ. ಮನುಷ್ಯನು ದಿವಾಚರನಾದುದರಿಂದ ಅವನಿಗೆ ಅದು ಹಗಲೆಂದು ನಾವು ಊಹಿಸಿಕೊಳ್ಳುತ್ತೇವೆ.

ಮನುಷ್ಯರ ಮೇಲಿನ ಪರೀಕ್ಷೆಗಳು ಇಷ್ಟು ನಿಚ್ಚಳವಾಗಿಲ್ಲ. 2015ರ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಜನರು ದಿನದ ಸುಮಾರು 15 ಗಂಟೆಗಳ ಕಾಲ ಏನನ್ನಾದರೂ ತಿನ್ನುತ್ತಲೇ ಇರುವರೆಂದು ಕಂಡಿತು. ಅವರಲ್ಲಿ ತೂಕ ಹೆಚ್ಚಿದ್ದ ಕೆಲವರು 16 ವಾರ ತಮ್ಮ ಆಹಾರವನ್ನು 10–11 ಗಂಟೆಗಳೊಳಗೆ ಮುಗಿಸಿದಾಗ ತೂಕ ಇಳಿಯಿತು, ನಿದ್ರೆಯೂ ಸುಧಾರಿಸಿತು. ಆದರೆ 2022ರಲ್ಲಿ ಪ್ರಕಟವಾದ ಚೀನಾದ ಒಂದು ಪರೀಕ್ಷೆಯಲ್ಲಿ 139 ಮಂದಿ ಸ್ಥೂಲಕಾಯರು ಒಂದು ವರ್ಷ ಮಿತಾಹಾರಿಗಳಾಗಿದ್ದರು. ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಂಡವರಿಗೂ ಅಂಥ ನಿಯಮವಿಲ್ಲದೆ ಉಂಡವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ರತವನ್ನು ತೂಕದ ಆಧಾರದ ಮೇಲೆ ನಿಲ್ಲಿಸಿದವನು ಈ ವರದಿಯನ್ನೋದಿ ವ್ರತವನ್ನೇ ಬಿಡಬೇಕಾದೀತು. ಜೀವದಯೆಯ ಮೇಲೆ ನಿಲ್ಲಿಸಿದವನಿಗೆ ಈ ಚಿಂತೆಯಿಲ್ಲ.

ಆದರೂ ಒಂದು ಹೋಲಿಕೆ ಕುತೂಹಲಕರವಾಗಿದೆ. ಸೂರ್ಯೋದಯದ ನಂತರದ ಮುಹೂರ್ತವನ್ನೂ ಅಸ್ತಮಾನಕ್ಕೆ ಮುಂಚಿನ ಮುಹೂರ್ತವನ್ನೂ ಬಿಡಬೇಕೆಂದು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಧಿಸಿದ್ದಾರೆ. ಮುಹೂರ್ತವೆಂದರೆ 48 ನಿಮಿಷ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಕಿರಿಯ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನ ಅತಿ ದೀರ್ಘ ಹಗಲು ಸುಮಾರು 12 ಗಂಟೆ 55 ನಿಮಿಷ. ಎರಡೂ ಮುಹೂರ್ತಗಳನ್ನು ಕಳೆದರೆ ಉಳಿಯುವುದು ಒಂಬತ್ತೂಮುಕ್ಕಾಲರಿಂದ ಹನ್ನೊಂದೂಕಾಲು ಗಂಟೆ. ಪಾಂಡಾ ಅವರ ಅವಧಿಯೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸವೇನೆಂದರೆ, ಅವರ ಲೆಕ್ಕದಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಂಭಿಸಿ ರಾತ್ರಿ ಎಂಟಕ್ಕೆ ಮುಗಿಸಿದರೂ ಹತ್ತು ಗಂಟೆಯೇ. ಶ್ರಾವಕನ ಲೆಕ್ಕವು ಸೂರ್ಯನಿಗೆ ಕಟ್ಟುಬಿದ್ದಿದೆ. ಮುಳುಗುವ ಮೊದಲೇ ಎರಡು ಹೊತ್ತಿನದನ್ನು ಒಟ್ಟಿಗೆ ಉಂಡು, ಕರಿದ ತಿಂಡಿಯನ್ನೂ ಸೇರಿಸಿಕೊಳ್ಳುವ ರೂಢಿ ಕೆಲವು ಮನೆಗಳಲ್ಲಿದೆ. ಇದನ್ನು ವಿಜ್ಞಾನಿಯೂ ಮೆಚ್ಚಲಾರನು, ಆಚಾರ್ಯರೂ ಮೆಚ್ಚಲಾರರು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರ ವಿಷಯ ಬೇರೆ. ರಾತ್ರಿಯ ಊಟ ಬಿಟ್ಟು ಔಷಧವನ್ನು ಮಾತ್ರ ಮೊದಲಿನಂತೆ ಮುಂದುವರಿಸಿದರೆ ನಡುರಾತ್ರಿಯಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಅಂಥವರು ಚಾತುರ್ಮಾಸದಲ್ಲಿ ನಿಯಮ ತೆಗೆದುಕೊಳ್ಳುವ ಮೊದಲೇ ವೈದ್ಯರನ್ನು ಕಂಡು, ಔಷಧದ ಪ್ರಮಾಣವನ್ನೂ ವೇಳೆಯನ್ನೂ ಹೊಸ ಊಟದ ಹೊತ್ತಿಗೆ ಹೊಂದಿಸಿಕೊಂಡು, ಅನಂತರ ಮುನಿಗಳ ಸನ್ನಿಧಿಗೆ ಹೋಗತಕ್ಕದ್ದು.