ಕಲ್ಲಿದ್ದಲ ಬೂದಿ: ಊರಿಗೆ ಕೇಡಾಗದಂತೆ ನೋಡಿಕೊಳ್ಳುವ ಬಗೆ



ನಮ್ಮ ಮನೆಯ ದೀಪ ಉರಿಯುವುದಕ್ಕೂ ಹೊಲದ ಪಂಪು ನಡೆಯುವುದಕ್ಕೂ ಬೇಕಾದ ವಿದ್ಯುತ್ತಿನಲ್ಲಿ ಒಂದು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ, 1985ರಲ್ಲಿ ಇಂಥ ಸ್ಥಾವರ ಕೆಲಸ ಆರಂಭಿಸಿತು. ಅನಂತರ ಬಳ್ಳಾರಿ ಜಿಲ್ಲೆಯ ಕುಡತಿನಿ, ರಾಯಚೂರಿನ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿಗಳಲ್ಲಿಯೂ ಸ್ಥಾವರಗಳಾದವು. ಒಲೆ ಉರಿದ ಮೇಲೆ ಬೂದಿ ಉಳಿಯಲೇಬೇಕಷ್ಟೆ. ಆ ಬೂದಿಯ ವಿಚಾರವೇ ಈ ಪಾಠ.

1. ಬೂದಿ ಎಷ್ಟು, ಎಂಥದು?

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ನೂರು ಕ್ವಿಂಟಲ್ ಇದ್ದಲು ಸುಟ್ಟರೆ 30ರಿಂದ 45 ಕ್ವಿಂಟಲ್ ಬೂದಿ ಉಳಿಯುತ್ತದೆ. ಅದರಲ್ಲಿ ಸುಮಾರು ಐದನೆಯ ಒಂದು ಪಾಲು ದಪ್ಪ ಬೂದಿಯಾಗಿ ಕುಲುಮೆಯ ತಳಕ್ಕೆ ಬೀಳುತ್ತದೆ. ಉಳಿದದ್ದು ಹಿಟ್ಟಿನಂತೆ ನಯವಾಗಿ ಹೊಗೆಯೊಡನೆ ಮೇಲೇರುತ್ತದೆ. ಇದಕ್ಕೆ ಹಾರುಬೂದಿ ಎಂದು ಹೆಸರು. ಚಿಮಣಿಗೆ ಹೋಗುವ ಮುನ್ನ ವಿದ್ಯುತ್ತಿನ ಸೆಳೆತದಿಂದ ಇದನ್ನು ಹಿಡಿಯುವ ಯಂತ್ರಗಳಿವೆ.

ಇದು ನಮ್ಮ ಅಡಿಗೆಯ ಒಲೆಯ ಬೂದಿಯಂತಲ್ಲ. ಕಟ್ಟಿಗೆಯ ಬೂದಿಯಲ್ಲಿ ಬೆಳೆಗೆ ಬೇಕಾದ ಪೊಟ್ಯಾಷ್ ಇರುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಅದನ್ನು ತಿಪ್ಪೆಗೆ ಹಾಕುತ್ತಿದ್ದರು. ಕಲ್ಲಿದ್ದಲ ಬೂದಿಯಲ್ಲಿ ಮರಳಿನ ಸತ್ವವೇ ಹೆಚ್ಚು. ಸಾರಜನಕ ಇಲ್ಲವೆಂದೇ ಹೇಳಬೇಕು. ಜೊತೆಗೆ ಆರ್ಸೆನಿಕ್ ಎಂಬ ಪಾಷಾಣ, ಸೀಸ, ಕ್ರೋಮಿಯಂ, ಪಾದರಸಗಳು ಅಲ್ಪ ಪ್ರಮಾಣದಲ್ಲಿ ಸೇರಿರುತ್ತವೆ.

2. ಅಪಾಯ ಎಲ್ಲಿದೆ?

ಮೊದಲನೆಯದು ಗಾಳಿ. ಒಣಗಿದ ಬೂದಿ ಬೇಸಗೆಯ ಗಾಳಿಗೆ ಎದ್ದು ಬೆಳೆಯ ಎಲೆಯ ಮೇಲೆ, ಮೇವಿನ ಮೇಲೆ ಕೂರುತ್ತದೆ. ಅತಿ ನಯವಾದ ಕಣಗಳು ಉಸಿರಿನೊಡನೆ ಎದೆಯ ಒಳಕ್ಕೆ ಇಳಿಯುತ್ತವೆ.

ಎರಡನೆಯದು ನೀರು. ಬಹಳ ಕಡೆ ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ದೊಡ್ಡ ಹೊಂಡಗಳಿಗೆ ಬಿಡುತ್ತಾರೆ. ಹೊಂಡದ ತಳಕ್ಕೆ ನೀರು ಇಳಿಯದ ಹಾಸು ಇಲ್ಲದಿದ್ದರೆ ಬೂದಿಯ ಲೋಹಗಳು ಮೆಲ್ಲಮೆಲ್ಲನೆ ಅಂತರ್ಜಲಕ್ಕೆ ಸೇರಬಹುದು. ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ. ಆದರೆ ಆರ್ಸೆನಿಕ್ ಮತ್ತು ಸೀಸ ಹೋಗುವುದಿಲ್ಲ.

ಮೂರನೆಯದು ಹೊಂಡದ ಏರಿ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸಿ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಇಂಥ ಏರಿ ಒಡೆದು, ಸುಮಾರು 300 ಎಕರೆ ಪ್ರದೇಶ ಬೂದಿಯ ಕೆಸರಿನಲ್ಲಿ ಮುಳುಗಿತು. ಅದನ್ನು ಶುಚಿ ಮಾಡಿದ ಕೆಲಸಗಾರರಲ್ಲಿ ಅನೇಕರು ಮುಂದೆ ಕಾಯಿಲೆ ಬಿದ್ದು ನ್ಯಾಯಾಲಯಕ್ಕೆ ಹೋದರು. ನಮ್ಮ ದೇಶದಲ್ಲಿಯೂ 2020ರ ಏಪ್ರಿಲ್ 10ರಂದು ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ಸಾಸನ್‌ನಲ್ಲಿ ಏರಿ ಒಡೆಯಿತು. ಮಕ್ಕಳೂ ಸೇರಿ ಆರು ಜನ ಕೊಚ್ಚಿಹೋಗಿ ಸತ್ತರು. ಬೆಳೆದ ಹೊಲಗಳು ಬೂದಿಯ ಕೆಳಗಾದವು.

3. ಸ್ಥಾವರದವರು ಮಾಡತಕ್ಕದ್ದು

ಬೂದಿಯನ್ನು ಆದಷ್ಟು ಒಣಗಿದಂತೆಯೇ ಹಿಡಿದು, ಮುಚ್ಚಿದ ಕಣಜಗಳಲ್ಲಿ ತುಂಬಿ, ಮುಚ್ಚಿದ ಲಾರಿಗಳಲ್ಲಿ ಸಾಗಿಸಬೇಕು. ಹೊಂಡದ ತಳಕ್ಕೆ ಹಾಸು ಹಾಕಿ, ಮೇಲ್ಮೈಯನ್ನು ಒದ್ದೆಯಾಗಿಟ್ಟು, ಏರಿಯನ್ನು ಮಳೆಗಾಲಕ್ಕೆ ಮುನ್ನ ತಪ್ಪದೆ ಪರೀಕ್ಷಿಸಬೇಕು. ತುಂಬಿದ ಹೊಂಡದ ಮೇಲೆ ಮಣ್ಣು ಹೊದಿಸಿ ಗಿಡ ಬೆಳೆಸಬೇಕು.

ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಬೂದಿಯನ್ನು ಕೂಡಿಡದೆ ಬಳಸುವುದು. ಸುಣ್ಣ ಮತ್ತು ನೀರು ಸೇರಿದರೆ ಹಾರುಬೂದಿ ಗಟ್ಟಿಯಾಗುತ್ತದೆ. ಈ ಗುಣದಿಂದಲೇ ಪೊಝೊಲಾನಾ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲಿನವರೆಗೆ ಇದನ್ನು ಬೆರೆಸುತ್ತಾರೆ. ಬೂದಿಯ ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಬೇಡ, ಸುಡುವ ಸೌದೆಯೂ ಬೇಡ. ಇಟ್ಟಿಗೆಗೆಂದು ಮೇಲ್ಮಣ್ಣು ಅಗೆಯುವುದನ್ನು ತಗ್ಗಿಸಬೇಕೆಂದೇ ಕೇಂದ್ರ ಸರ್ಕಾರ 1999ರಲ್ಲಿ ಹಾರುಬೂದಿಯ ಬಗ್ಗೆ ಅಧಿಸೂಚನೆ ಹೊರಡಿಸಿತು. 2021ರ ಡಿಸೆಂಬರ್ 31ರ ಅಧಿಸೂಚನೆಯು ಬೂದಿ ಪೂರ್ತಿ ಬಳಕೆಯಾಗಬೇಕೆಂದೂ, ಗುರಿಯಂತೆ ಬಳಸದ ಬೂದಿಗೆ ಸ್ಥಾವರದವರು ಟನ್ನಿಗೆ 1,000 ರೂಪಾಯಿ ಪರಿಹಾರ ತೆರಬೇಕೆಂದೂ ವಿಧಿಸಿತು.

4. ನಾವು ಮಾಡತಕ್ಕದ್ದು

(ಅ) ಬೂದಿ ಹೊಂಡದ ಹತ್ತಿರ ಮಕ್ಕಳನ್ನೂ ದನಗಳನ್ನೂ ಬಿಡಬಾರದು. ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ಕೇಳಿದ್ದೇವೆ. ಇಲ್ಲಿರುವುದು ಬೂದಿ ಮುಚ್ಚಿದ ಕೆಸರು. ಮೇಲೆ ಗಟ್ಟಿಯಾಗಿ ಕಂಡರೂ ಕಾಲಿಟ್ಟರೆ ಹೂತುಹೋಗಬಹುದು.

(ಆ) ಪುಕ್ಕಟೆ ಸಿಕ್ಕಿತೆಂದು ಬೂದಿಯನ್ನು ತಂದು ಹೊಲಕ್ಕೆ ಹರಡಬಾರದು. ಮಣ್ಣು ಪರೀಕ್ಷೆ ಮಾಡಿಸಿ, ರೈತ ಸಂಪರ್ಕ ಕೇಂದ್ರದವರು ಹೇಳಿದ ಪ್ರಮಾಣದಲ್ಲಿ ಮಾತ್ರ ಹಾಕಬೇಕು. ಅದು ಗೊಬ್ಬರಕ್ಕೆ ಬದಲಿಯಾಗಲಾರದು.

(ಇ) ಸ್ಥಾವರದ ಸಮೀಪದ ಊರಿನವರು ಬಾವಿ, ಬೋರಿನ ನೀರನ್ನು ಲೋಹಗಳಿಗಾಗಿ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರುವ ನೀರು ಕುಡಿಯಲು ತಕ್ಕುದಲ್ಲ.

(ಈ) ಇಟ್ಟಿಗೆ ಕೆಲಸಕ್ಕೆ ಹೋಗುವವರು ಬೂದಿಗೆ ಮೊದಲು ನೀರು ಚಿಮುಕಿಸಬೇಕು. ಮುಖಕ್ಕೆ ಸುತ್ತಿದ ಟವೆಲ್ ನಯವಾದ ಧೂಳನ್ನು ತಡೆಯದು; ಎನ್-95 ಮುಖಗವಸು ಬೇಕು. ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಮೈ ತೊಳೆದು, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಬೇಕು.

(ಉ) ಏರಿಯಲ್ಲಿ ಬಿರುಕು, ಜಿನುಗು ಕಂಡರೆ, ಹಳ್ಳದ ನೀರು ಬೂದುಬಣ್ಣಕ್ಕೆ ತಿರುಗಿದರೆ, ಆ ದಿನವೇ ಗ್ರಾಮ ಪಂಚಾಯತಿಗೂ ತಹಸೀಲ್ದಾರರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಬೇಕು. ತಾರೀಖು ಹಾಕಿದ ನಕಲು ನಮ್ಮಲ್ಲಿರಬೇಕು.

ಬೆಳಕು ಎಲ್ಲರಿಗೂ ಬೇಕು. ಆದರೆ ಅದರ ಬೂದಿಯ ಭಾರ ಹತ್ತಿರದ ನಾಲ್ಕು ಹಳ್ಳಿಗಳ ಮೇಲೆಯೇ ಬೀಳಬಾರದು. ಓದಬಲ್ಲವರು ಈ ಪಾಠವನ್ನು ಓದುಬಾರದ ನೆರೆಯವರಿಗೆ ಓದಿ ಹೇಳಬೇಕಾಗಿ ಕೋರಿಕೆ.

ಚರ್ಚೆಗೆ ಪ್ರಶ್ನೆಗಳು

1. ಒಲೆಯ ಬೂದಿಗೂ ಕಲ್ಲಿದ್ದಲ ಬೂದಿಗೂ ಇರುವ ಭೇದವೇನು?
2. ಕುದಿಸಿದ ಮಾತ್ರಕ್ಕೆ ಬಾವಿಯ ನೀರು ಶುದ್ಧವಾಯಿತೆನ್ನಬಹುದೆ?
3. ಬೂದಿಯ ಇಟ್ಟಿಗೆಯಿಂದ ರೈತನ ಹೊಲಕ್ಕೆ ಆಗುವ ಲಾಭವೇನು?
4. ಏರಿಯಲ್ಲಿ ಬಿರುಕು ಕಂಡರೆ ನಮ್ಮ ಊರಿನಲ್ಲಿ ಯಾರು ಯಾರಿಗೆ ತಿಳಿಸಬೇಕು?