ಪೊಟೊಸಿ: ಬೆಳ್ಳಿ ಬೆಟ್ಟದ ಹೊಟ್ಟೆಗೆ ಇಳಿಯುವ ಮುನ್ನ

ಬೊಲಿವಿಯಾದ ಪೊಟೊಸಿ ನಗರ ಇರುವುದು ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿ. ನೇರವಾಗಿ ಅಲ್ಲಿಗೇ ಹೋಗಿ ಇಳಿದರೆ ತಲೆನೋವು, ವಾಕರಿಕೆ ಕಾಡಬಹುದು. ಸುಮಾರು 2,800 ಮೀಟರ್ ಎತ್ತರದ ಸುಕ್ರೆಯಲ್ಲಿ ಎರಡು ದಿನ ತಂಗಿ, ಮೈ ಒಗ್ಗಿದ ಮೇಲೆ ಬಸ್ಸು ಹಿಡಿಯಿರಿ. ಮೂರು–ನಾಲ್ಕು ತಾಸಿನ ದಾರಿ. ಮೇನಿಂದ ಅಕ್ಟೋಬರ್‌ವರೆಗೆ ಮಳೆಯ ಕಾಟವಿಲ್ಲ, ಆದರೆ ಜೂನ್–ಜುಲೈ ರಾತ್ರಿಗಳು ಕೊರೆಯುತ್ತವೆ. ದಪ್ಪ ಸ್ವೆಟರ್ ಇರಲಿ.

ತಲುಪಿದ ದಿನ ಗಣಿ ಬೇಡ, ಟಂಕಸಾಲೆ ನೋಡಿ. 1773ರಲ್ಲಿ ಕಟ್ಟಿ ಮುಗಿಸಿದ 'ಕಾಸಾ ದೆ ಲಾ ಮೊನೆದಾ' ಈಗ ವಸ್ತುಸಂಗ್ರಹಾಲಯ. ಬೆಳ್ಳಿಯ ಪಟ್ಟಿಗಳನ್ನು ತೆಳುವಾಗಿಸುತ್ತಿದ್ದ ಮರದ ದೈತ್ಯ ಹಲ್ಲುಚಕ್ರಗಳು ಅಲ್ಲಿ ಹಾಗೇ ನಿಂತಿವೆ. ಕೆಳಮಹಡಿಯಲ್ಲಿ ಹೇಸರಗತ್ತೆಗಳು ಸುತ್ತಿ ಸುತ್ತಿ ಅವನ್ನು ತಿರುಗಿಸುತ್ತಿದ್ದವು. ಊರಿನ ಪಕ್ಕದ ಸೆರ‍್ರೊ ರಿಕೊ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅಗೆಯಲು ಸ್ಪೇನಿನ ಆಡಳಿತ ಆಂಡಿಸ್‌ನ ಹಳ್ಳಿಗಳಿಂದ ಸರದಿಯ ಮೇಲೆ ಗಂಡಾಳುಗಳನ್ನು ಬಲವಂತದ ದುಡಿಮೆಗೆ ಎಳೆತಂದಿತು. ಇದನ್ನು ತಿಳಿದುಕೊಂಡು ಗಣಿಗೆ ಹೋದರೆ ಕಣ್ಣಿಗೆ ಬೀಳುವುದೇ ಬೇರೆ.

ಗಣಿಗೆ ಒಬ್ಬರೇ ಹೋಗುವಂತಿಲ್ಲ. ಹಿಂದೆ ಗಣಿಯಲ್ಲೇ ದುಡಿದ ಗೈಡ್‌ಗಳು ಸಿಗುತ್ತಾರೆ, ಅವರನ್ನೇ ಆರಿಸಿಕೊಳ್ಳಿ. ಹಣ ಕೊಡುವ ಮೊದಲು ಕೇಳಿ: ಒಳಗೆ ಎಷ್ಟು ಹೊತ್ತು? ತೆವಳಬೇಕಾಗುತ್ತದೆಯೇ? ನಡುವೆ ಸಾಕೆನಿಸಿದರೆ ಹೊರಗೆ ಕರೆತರುತ್ತೀರಾ? ಮೂರನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ. ಭಾನುವಾರ ಕೆಲಸಗಾರರು ಕಡಿಮೆ. ವಾರದ ದಿನವೇ ಹೋಗಿ. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಈ ಆಸೆ ಬಿಡುವುದೇ ಒಳ್ಳೆಯದು.

ದಾರಿಯಲ್ಲಿ ಗಣಿಗಾರರ ಮಾರುಕಟ್ಟೆ ಸಿಗುತ್ತದೆ. ಕೋಕಾ ಎಲೆ, ಕೈಗವಸು, ತಂಪು ಪಾನೀಯದ ಪಕ್ಕದಲ್ಲೇ ಡೈನಮೈಟ್ ಕೂಡ ರಾಜಾರೋಷವಾಗಿ ಮಾರಾಟಕ್ಕಿರುತ್ತದೆ. ಒಳಗಿನವರಿಗೆ ಉಡುಗೊರೆಯಾಗಿ ಎಲೆ, ಪಾನೀಯ ಒಯ್ಯಿರಿ. ಗಣಿಗಾರರು ಎಲೆಯನ್ನು ಹೊಗೆಸೊಪ್ಪಿನಂತೆ ದವಡೆಯಲ್ಲಿ ಒತ್ತಿಟ್ಟುಕೊಂಡು ಹಸಿವು, ದಣಿವು ಮರೆಯುತ್ತಾರೆ. ಪ್ರವಾಸಿಗರ ಮೋಜಿಗೆ ಡೈನಮೈಟ್ ಸಿಡಿಸುತ್ತೇವೆಂದು ಯಾರಾದರೂ ಹೇಳಿದರೆ ಖಡಾಖಂಡಿತವಾಗಿ ಬೇಡವೆನ್ನಿ. ಅಗೆದು ಅಗೆದು ಬೆಟ್ಟದ ನೆತ್ತಿಯೇ ಕುಸಿಯುತ್ತಿದೆ; 2014ರಲ್ಲಿ ಯುನೆಸ್ಕೊ ಈ ನಗರವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಮ್‌ಬೂಟು, ಹೆಲ್ಮೆಟ್, ದೀಪ ಗೈಡ್ ಕೊಡುತ್ತಾರೆ. ಒಳ್ಳೆಯ ಮಾಸ್ಕ್ ಮಾತ್ರ ನೀವೇ ಒಯ್ಯಿರಿ: ಒಳಗಿನ ದೂಳೇ ಗಣಿಗಾರರ ಶ್ವಾಸಕೋಶ ತಿನ್ನುವ ಸಿಲಿಕೋಸಿಸ್‌ಗೆ ಮೂಲ. ಅದಿರು ತುಂಬಿದ ಟ್ರಾಲಿ ಬರುವ ಸದ್ದಾದರೆ ಗೋಡೆಗೆ ಅಂಟಿ ನಿಲ್ಲಿ. ಅದು ಸುಲಭಕ್ಕೆ ನಿಲ್ಲುವುದಿಲ್ಲ. ಒಂದು ಮೂಲೆಯಲ್ಲಿ ಕೊಂಬಿನ 'ಎಲ್ ತಿಯೊ' ಕೂತಿರುತ್ತಾನೆ. ನೆಲದಡಿಯ ಒಡೆಯ, ಬಾಯಲ್ಲಿ ಸಿಗರೇಟು, ಮಡಿಲ ತುಂಬ ಕೋಕಾ ಎಲೆ. ನಗಬೇಡಿ, ಅವನಿಗೆ ನಡೆದುಕೊಂಡೇ ಗಣಿಗಾರರು ಕೆಲಸ ಶುರುಮಾಡುವುದು. ಕೆಲಸಗಾರರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಊರಿಗೆ ಮರಳುವವರಿಗೆ ಎರಡು ಮಾತು. ಬೊಲಿವಿಯಾದಿಂದ ನೇರವಾಗಿ ಭಾರತಕ್ಕೆ ಬರುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಹೊರಡುವ ಹತ್ತು ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಿ. ಉಳಿದ ಕೋಕಾ ಎಲೆಯನ್ನು ಅಲ್ಲೇ ಯಾರಿಗಾದರೂ ಕೊಟ್ಟುಬನ್ನಿ, ಇಲ್ಲಿ ಅದು ಮಾದಕವಸ್ತು ಕಾನೂನಿನಡಿ ಅಪರಾಧ.