ಮಂಚ ಬೇಕಾಗುವುದು ಬೀಗದ ಕೈ ಸಿಕ್ಕ ದಿನ

ಪುಟ್ಟಾ, ಮನೆ ಖಾಲಿ ಮಾಡುತ್ತಿದ್ದೀಯ. ಮಂಚ, ಮೇಜು, ಬೀರು ಯಾವುದನ್ನೂ ಗುಜರಿಗೆ ಹಾಕದೆ ಮನೆ ಕಳೆದುಕೊಂಡವರಿಗೆ ಕೊಡಬೇಕು ಅಂತ ಫೋನಿನಲ್ಲಿ ಹೇಳಿದೆಯಲ್ಲ, ನನಗೆ ಮನಸ್ಸು ತುಂಬಿ ಬಂತು. ಕೊಡು. ಆದರೆ ನಾಳೆಯೇ ಲಾರಿ ಹತ್ತಿಸಬೇಡ. ಈ ವಿಷಯದಲ್ಲಿ ನಾನು ತಪ್ಪು ಮಾಡಿ ಕಲಿತವಳು.

2018ರ ಆಗಸ್ಟ್. ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ, ತೋಟ ಮಣ್ಣಿನಡಿ ಹೋದವು. ಮೈಸೂರಿನ ನಮ್ಮ ಬೀದಿಯವರೆಲ್ಲ ಸೇರಿ ಒಂದು ಲಾರಿ ತುಂಬಿಸಿದೆವು. ಅಕ್ಕಿ, ಕಂಬಳಿಯ ಮೇಲೆ ನಾನು ನಮ್ಮ ಹಳೆಯ ಮಂಚವನ್ನೂ ಹೇರಿಸಿದೆ. ಪರಿಹಾರ ಕೇಂದ್ರದ ಹಜಾರದಲ್ಲಿ ಜನ ಸಾಲಾಗಿ ಜಮಖಾನ ಹಾಸಿ ಮಲಗಿದ್ದರು. ಅಲ್ಲಿ ಮಂಚ ಎಲ್ಲಿ ಹಾಕುತ್ತಾರೆ? ಹೊರಗೆ ಗೋಡೆಗೆ ಒರಗಿಸಿದರು. ಕೊಡಗಿನ ಮಳೆ ಗೊತ್ತಲ್ಲ, ಪ್ಲೈವುಡ್ ಹಲಗೆ ನಾಲ್ಕೇ ದಿನದಲ್ಲಿ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತಂತೆ. ಅದನ್ನು ಎತ್ತಿ ಹಾಕುವ ಕೆಲಸವೂ ಆ ಪಾಪದವರ ಪಾಲಿಗೇ ಬಿತ್ತು.

ಅವರಿಗೆ ನಿಜವಾಗಿ ಮಂಚ ಬೇಕಾದದ್ದು ಯಾವಾಗ? ಜಂಬೂರು, ಮದೆನಾಡಿನಲ್ಲಿ ಸರ್ಕಾರ ಕಟ್ಟಿಸಿದ ಮನೆಗಳ ಬೀಗದ ಕೈ ಕೊಟ್ಟದ್ದು 2020ರ ಜೂನ್‌ನಲ್ಲಿ. ಹತ್ತಿರ ಹತ್ತಿರ 22 ತಿಂಗಳು! ಅಲ್ಲಿಯವರೆಗೆ ನೆಂಟರ ಮನೆ, ಬಾಡಿಗೆ ಮನೆ. ಎರಡು ಮಲಗುವ ಕೋಣೆಯ ಗಟ್ಟಿ ಮನೆಯೇನೋ ಸಿಕ್ಕಿತು, ಒಳಗೆ ಇದ್ದದ್ದು ನೆಲ ಮತ್ತು ಗೋಡೆ. ಆ ಹೊತ್ತಿಗೆ ಕೊರೊನಾ ಬಂದಿತ್ತು. ಹಿಂದೆ ಲಾರಿ ಕಳಿಸಿದ ನಮಗೆಲ್ಲ ನಮ್ಮ ನಮ್ಮ ಚಿಂತೆ. ನಾನೂ ಏನೂ ಕಳಿಸಲಿಲ್ಲ, ಪುಟ್ಟಾ. ಆಮೇಲೊಂದು ಸಲ ಜಂಬೂರಿಗೆ ಹೋದಾಗ ಒಬ್ಬಾಕೆ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟಳು. ಅವಳ ಅತ್ತೆಗೆ ಮಂಡಿನೋವು. ಥಂಡಿ ನೆಲದಿಂದ ಏಳಬೇಕಾದರೆ ಗೋಡೆ ಹಿಡಿದು ಒದ್ದಾಡುತ್ತಿದ್ದರು. "ಬಟ್ಟೆ ಬೇಕಾದಷ್ಟು ಬಂತು ಅಮ್ಮಾ, ಮಂಚ ಬರಲಿಲ್ಲ" ಅಂದಳು. ನನ್ನ ಮಂಚ ಮಳೆಯಲ್ಲಿ ಕೊಳೆತದ್ದನ್ನು ಅವಳ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಮೊದಲು ಕೇಳು. ಯಾರ ಮನೆಗೆ ಏನು ಬೇಕು, ಯಾವತ್ತು ಒಕ್ಕಲು ಬರುತ್ತಾರೆ, ಬಾಗಿಲು ಎಷ್ಟು ಅಗಲ ಇದೆ, ಎಲ್ಲ ಕೇಳಿಕೋ. ನಿನ್ನ ದೊಡ್ಡ ಸೋಫಾ ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡ. ಎಲ್ಲ ಕಳೆದುಕೊಂಡವರಿಗೂ ತಮ್ಮ ಮನೆಗೆ ಏನು ಬೇಕು, ಏನು ಬೇಡ ಅನ್ನುವ ಹಕ್ಕಿದೆ. ಬೀರುವನ್ನು ಮಾತ್ರ ತಪ್ಪದೆ ಕೊಡು, ಬೀಗದ ಕೈ ಸಮೇತ. ಒಮ್ಮೆ ಕಾಗದಪತ್ರವೆಲ್ಲ ಮಣ್ಣುಪಾಲಾದ ಮನೆಯವರಿಗೆ ಹೊಸ ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಭದ್ರವಾಗಿಡಲು ಒಂದು ಜಾಗ ಬೇಕೇ ಬೇಕು. ಮಕ್ಕಳಿದ್ದರೆ ಓದುವ ಮೇಜೂ ಹೋಗಲಿ.

ಮಂಚದ ಕಾಲು ತಟ್ಟಿ ನೋಡು. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಹಿಡಿದಿದೆ ಅಂತ ಅರ್ಥ, ಅದನ್ನು ಇನ್ನೊಬ್ಬರ ಮನೆ ಸೇರಿಸಬೇಡ. ಹಾಸಿಗೆಯ ಹೊಲಿಗೆಯಲ್ಲಿ ತಿಗಣೆ ಇದೆಯೇ ನೋಡು. ನೀನು ಇವತ್ತು ರಾತ್ರಿ ಮಲಗಲು ಹಿಂಜರಿಯುವ ಹಾಸಿಗೆಯನ್ನು ಯಾರಿಗೂ ಕೊಡಬೇಡ. ಬಿಚ್ಚಿದ ಬೋಲ್ಟು, ನಟ್ಟುಗಳನ್ನು ಬಟ್ಟೆಯಲ್ಲಿ ಗಂಟು ಹಾಕಿ ಮಂಚದ ಕಾಲಿಗೇ ಕಟ್ಟು. ನಾಲ್ಕು ಬೋಲ್ಟು ಕಳೆದುಹೋದರೆ ಅದು ಮಂಚವಲ್ಲ, ಸೌದೆ. ಸಾಗಿಸುವ ಬಾಡಿಗೆ, ಇಳಿಸಿ ಜೋಡಿಸುವವರ ಕೂಲಿ ಎರಡೂ ನಿನ್ನದೇ. ಸಾಮಾನು ಪುಕ್ಕಟೆ ಕೊಟ್ಟು ಸಾಗಣೆಯ ಸಾಲ ಹೊರಿಸುವುದು ಉಪಕಾರವಲ್ಲ.

ಅಲ್ಲಿಯವರೆಗೆ ಇಡುವುದೆಲ್ಲಿ ಅಂತ ಕೇಳುತ್ತೀಯ. ನಮ್ಮ ಹಿತ್ತಿಲ ಕೋಣೆ ಬಿಡಿಸಿದ್ದೇನೆ, ಮಳೆ ಸೋರುವುದಿಲ್ಲ. ಭಾನುವಾರ ಟೆಂಪೊ ಮಾಡಿ ಮೈಸೂರಿಗೆ ಕಳಿಸು. ಬೀಗದ ಕೈ ಸಿಗುವ ದಿನ ತಿಳಿದುಕೊಂಡು ಇಬ್ಬರೂ ಜೊತೆಗೇ ಹೋಗಿ ಜೋಡಿಸಿಕೊಟ್ಟು ಬರೋಣ.